ಒಬ್ಬನೇ ಗೇಮ್ ಮಾಡ್ತೀನಿ ಅಂದ್ರೆ ಮನೆ ಬಾಡಿಗೆ ಯಾರು ಕಟ್ಟೋದು?

ಕೆಲಸ ಬಿಟ್ಟು ಒಬ್ಬನೇ ವಿಡಿಯೋ ಗೇಮ್ ಮಾಡ್ತೀನಿ ಅನ್ನುವ ಹುಡುಗರು ಬೆಂಗಳೂರಿನಲ್ಲಿ ಈಗ ಆಗಾಗ ಸಿಗುತ್ತಾರೆ. ಮಾತು ಶುರುವಾದರೆ ಸಾಕು, ಸ್ಟಾರ್‌ಡ್ಯೂ ವ್ಯಾಲಿ ಹೆಸರು ಬಂದೇ ಬರುತ್ತದೆ. ಅಮೆರಿಕದ ಎರಿಕ್ ಬರೋನ್ ಕೋಡು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ಮಾಡಿ, ನಾಲ್ಕೂವರೆ ವರ್ಷ ಪಟ್ಟು ಹಿಡಿದು ಕೂತು, 2016ರ ಫೆಬ್ರವರಿಯಲ್ಲಿ ಗೇಮ್ ಬಿಡುಗಡೆ ಮಾಡಿದ. ಇವತ್ತಿಗೆ ಅದು 4 ಕೋಟಿ ಪ್ರತಿ ದಾಟಿದೆ. ಇಷ್ಟು ಎಲ್ಲರಿಗೂ ಬಾಯಿಪಾಠ.

ಆ ನಾಲ್ಕೂವರೆ ವರ್ಷ ಮನೆ ಹೇಗೆ ನಡೆಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆತ ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಬಂದವರಿಗೆ ಸೀಟು ತೋರಿಸುವ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದ. ಜೊತೆಗಿದ್ದ ಗೆಳತಿ ದುಡಿದು ಮನೆ ತೂಗಿಸಿದಳು. ಅಂದರೆ ಗೇಮ್ ಮಾಡಿದ್ದು ಒಬ್ಬನೇ, ಮನೆ ನಡೆಸಿದ್ದು ಇಬ್ಬರು. ಈ ಎರಡನೇ ಭಾಗ ನಮ್ಮ ಯೂಟ್ಯೂಬ್ ವಿಡಿಯೋಗಳಲ್ಲಿ ಬರುವುದೇ ಇಲ್ಲ, ಅಲ್ವಾ?

ದುಡ್ಡು ಒಂದು ಕಷ್ಟವಾದರೆ, ಇನ್ನೊಂದು ಬರ್ನ್‌ಔಟ್, ಅಂದರೆ ಕೆಲಸವೇ ಬೇಡ ಅನ್ನಿಸುವಷ್ಟು ಬಳಲಿಹೋಗುವುದು. ಅದು ಜಾಸ್ತಿ ಕೆಲಸ ಮಾಡಿದ್ದರಿಂದ ಬರುವ ಸುಸ್ತು ಅಂತ ತುಂಬ ಜನ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಫೀಸಿನಲ್ಲೂ ರಾತ್ರಿ ಕೂರುತ್ತೇವೆ, ಆದರೆ ಅಲ್ಲಿ "ಸಾಕು, ಇದು ಆಯ್ತು, ಮುಂದಿನದು ನೋಡು" ಅನ್ನೋಕೆ ಇನ್ನೊಬ್ಬರು ಇರುತ್ತಾರೆ. ಒಬ್ಬನೇ ಮಾಡುವಾಗ ಹಾಗೆ ಹೇಳುವವರೇ ಇಲ್ಲ.

ನಾನು ಆಫೀಸ್ ಮುಗಿಸಿ ಗೊಡೋ ಅನ್ನುವ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಒಂದು ಚಿಕ್ಕ ಗೇಮ್ ಮಾಡುತ್ತಿದ್ದೇನೆ. ಅದರಲ್ಲಿ ಒಂದು ಜಂಪ್ ಇದೆ. ಪಾತ್ರ ಗೋಡೆಯ ಅಂಚು ದಾಟಿ ಕೆಲವು ಫ್ರೇಮ್ (ಸ್ಕ್ರೀನಿನಲ್ಲಿ ಒಂದು ಚಿತ್ರ ಇರುವಷ್ಟು ಹೊತ್ತು, ಸೆಕೆಂಡಿನ ಚಿಕ್ಕ ಚೂರು) ಆದ ಮೇಲೆ ಬಟನ್ ಒತ್ತಿದರೂ ಹಾರಬೇಕು. ಇಲ್ಲದಿದ್ದರೆ ಆಡುವವನು "ನಾನು ಒತ್ತಿದ್ನಲ್ಲ!" ಅಂತ ಗೇಮಿಗೇ ಬೈತಾನೆ. ಆ ಫ್ರೇಮ್ ನಾಲ್ಕಿರಬೇಕೋ ಆರಿರಬೇಕೋ ಅಂತ ಹೆಚ್ಚು ಕಮ್ಮಿ ಮಾಡುತ್ತಾ, ಮತ್ತೆ ಓಡಿಸಿ, ಮತ್ತೆ ಬಿದ್ದು, ಗಂಟೆಗಟ್ಟಲೆ ಹೋಗುತ್ತದೆ. ಅಷ್ಟು ಮಾಡಿದರೂ ನೋಡುವವರ ಕಣ್ಣಿಗೆ ಏನೂ ಬದಲಾಗಿರುವುದಿಲ್ಲ. "ಇನ್ನೂ ಅದೇ ಗೋಡೆ ಹತ್ತಿಸ್ತಾ ಇದೀಯೇನೋ?" ಅಂತಾರೆ ಅಮ್ಮ. ಅವರು ಕೇಳುವುದೂ ಸರಿಯೇ.

ಇನ್ನು ಅಂಗಡಿಯ ಲೆಕ್ಕ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕೋಕೆ 100 ಡಾಲರ್. ಮಾರಿದ್ದರಲ್ಲಿ ಶುರುವಿನಲ್ಲೇ ಶೇ. 30 ಅವರದು. ಕೊಂಡು ಎರಡು ವಾರದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಆಡುವವರಿಗೆ ಇದು ಒಳ್ಳೆಯ ನಿಯಮವೇ. ಆದರೆ ಒಂದೂವರೆ ಗಂಟೆಯ ಗೇಮನ್ನು ಪೂರ್ತಿ ಆಡಿ ಮುಗಿಸಿಯೂ ದುಡ್ಡು ವಾಪಸ್ ಕೇಳಬಹುದು. ಆ ಭಯಕ್ಕೆ ಸುಮ್ನೆ ಲೆವೆಲ್ ಸೇರಿಸುತ್ತಾ ಹೋಗುವವರಿದ್ದಾರೆ. ಆರು ತಿಂಗಳ ಕೆಲಸ ಎರಡು ವರ್ಷ ಆಗೋದು ಹೀಗೇ. ಅಷ್ಟು ಒದ್ದಾಡಿ ಹೊರಗೆ ಬಂದರೆ, 2024 ಒಂದರಲ್ಲೇ ಸ್ಟೀಮ್‌ಗೆ ಬಂದ ಗೇಮ್‌ಗಳು 18,000ಕ್ಕೂ ಜಾಸ್ತಿ. ನಿಮ್ಮದು ಯಾರ ಕಣ್ಣಿಗೆ ಬೀಳಬೇಕು?

ಒಂದು ಸಲ ಓಡಿದರೆ ಎಲ್ಲ ಸರಿಹೋಗುತ್ತೆ ಅನ್ನುವವರಿಗೆ ಫ್ಲಾಪಿ ಬರ್ಡ್ ಅನ್ನುವ ಮೊಬೈಲ್ ಗೇಮ್ ನೆನಪಿದೆಯಾ? ವಿಯೆಟ್ನಾಮಿನ ಹನೋಯ್‌ನ ಡಾಂಗ್ ನುಯೆನ್ ಒಬ್ಬನೇ ಮಾಡಿದ್ದು. ಜಾಹೀರಾತಿನಿಂದ ದಿನಕ್ಕೆ 50,000 ಡಾಲರ್ ಬರುತ್ತಿದೆ ಅಂತ ಸುದ್ದಿಯಾಗಿತ್ತು. ನನ್ನ ಕೈಲಿ ಇನ್ನು ಆಗಲ್ಲ ಅಂತ 2014ರ ಫೆಬ್ರವರಿಯಲ್ಲಿ ಆತನೇ ಅದನ್ನು ತೆಗೆದುಬಿಟ್ಟ. ಆಗ ಜನ ನಕ್ಕಿದ್ದರು, ಪ್ರಚಾರಕ್ಕೆ ಮಾಡಿದ್ದಾನೆ ಅಂದವರೂ ಇದ್ದರು. ಅಷ್ಟೂ ಹೊಗಳಿಕೆ, ಅಷ್ಟೂ ಬೈಗುಳ ಒಬ್ಬನ ತಲೆ ಮೇಲೆ ಬಿದ್ದರೆ ಇನ್ನೇನು ಮಾಡುತ್ತಾನೆ?

ಅದಕ್ಕೇ ಯಾರಾದರೂ ರಾಜೀನಾಮೆ ಕೊಡಲಾ ಅಂತ ನನ್ನನ್ನು ಕೇಳಿದರೆ, ಎಂಜಿನ್ ಯಾವುದು ಅಂತ ನಾನು ಕೇಳುವುದಿಲ್ಲ. ಬಾಡಿಗೆ ಯಾರು ಕಟ್ಟುತ್ತಾರೆ, ನಿನ್ನ ಗೇಮನ್ನು ವಾರಕ್ಕೊಮ್ಮೆ ಆಡಿ ಮುಲಾಜಿಲ್ಲದೆ ಬೈಯುವವರು ಯಾರು ಅಂತ ಕೇಳುತ್ತೇನೆ. ಎರಡಕ್ಕೂ ಹೆಸರು ಇಲ್ಲದಿದ್ದರೆ ಸಂಬಳ ಬಿಡಬೇಡ ಅನ್ನುತ್ತೇನೆ. ಹೀಗಂದಿದ್ದಕ್ಕೆ ಕೆಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ, ಇರಲಿ.

ನನ್ನ ಗೇಮಿನಿಂದ ಮೀನು ಹಿಡಿಯುವ ಭಾಗವನ್ನೂ ಕೊನೆಯ ಮೂರು ಲೆವೆಲ್‌ಗಳನ್ನೂ ಕಿತ್ತು ಹಾಕಿದ್ದೇನೆ. ಈಗ ಗಂಟೆಯೊಳಗೆ ಮುಗಿಯುತ್ತದೆ. ರೀಫಂಡ್ ಕೇಳುವವರು ಕೇಳಲಿ. ಯಾರಿಗಾದರೂ ಬಿಡುವಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಬಿಲ್ಡ್ (ಈಗಿರುವ ಗೇಮ್, ಆಡಿ ನೋಡೋಕೆ) ಕಳಿಸುತ್ತೇನೆ. ಚೆನ್ನಾಗಿದೆ ಅನ್ನೋಕೆ ನಮ್ಮ ಅತ್ತಿಗೆ ಇದ್ದಾರೆ, ನೀವು ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಹೇಳಿದರೆ ಸಾಕು.