ಮುಕ್ಕಾಲು ಇಂಚು ಅಂದರೆ ಎಷ್ಟು? ಯಾರಾದರೂ ಹೇಳಿ

ಪೈಪಿನ ತುಂಡನ್ನೇ ಪೈಪ್ ಅಂಗಡಿಯ ಕೌಂಟರ್ ಮೇಲೆ ಇಟ್ಟಿದ್ದೆ. ಅದರ ಮೈಮೇಲೆ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು) ಅಂತ ಅಚ್ಚಾಗಿದೆ, ಆ ಪೈಪಿನ ಗುಣಮಟ್ಟದ ನಂಬರ್ ಐಎಸ್ 15778 ಅಂತಲೂ ಇದೆ. ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಅಂಗಡಿ ಸಾವಕಾರರು ನೋಡಲೇ ಇಲ್ಲ. "ಮುಕ್ಕಾಲು ಎಲ್ಬೋ" (ಪೈಪ್ ತಿರುಗಿಸಿ ಕೂಡಿಸುವ ತುಂಡು) ಅಂತ ಒಳಗೆ ಕೂಗಿದರು, ಹುಡುಗ ತಂದು ಕವರ್‌ಗೆ ಹಾಕಿದ, ಮುಗೀತು.

ಮನೆಗೆ ಬಂದು ಕೂಡಿಸಿದರೆ ಎಲ್ಬೋ ಒಳಗೆ ಪೈಪು ಲೊಡಲೊಡ ಅಲ್ಲಾಡುತ್ತದೆ. ಕೊಟ್ಟಿದ್ದು ತಣ್ಣೀರಿನ ಬಿಳಿ ಯುಪಿವಿಸಿ ಪೈಪಿನದು. ಪೈಪ್ ಕೂಡಿಸುವ ಬೇರೆ ತುಂಡುಗಳು, ಟೀ, ಕಪ್ಲರ್, ಯೂನಿಯನ್ ಎಲ್ಲವೂ ಅದೇ. ಸಿಪಿವಿಸಿ ಅಂಟಿಸಲು ಬೇಕಾದದ್ದು ಹಳದಿ ಸಲ್ಯೂಷನ್, ಆ ಡಬ್ಬಿಯೂ ಬೇರೆಯದೇ.

ವಾಪಸ್ ತೆಗೆದುಕೊಂಡು ಹೋದೆ. ಅಲ್ಲಿ ಆಗಿದ್ದು ತಲೆಯಿಂದ ಹೋಗುತ್ತಿಲ್ಲ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಗದ್ದಲದ ಹೊತ್ತು, ಅಂಗಡಿ ತುಂಬ ಜನ. ನಾನು ಎಲ್ಬೋಗೆ ಪೈಪ್ ತೂರಿಸಿ ಅಲ್ಲಾಡಿಸಿ ತೋರಿಸುತ್ತಾ ನಿಂತಿದ್ದೆ. ಸಾವಕಾರರು ಕ್ಯಾಲ್ಕುಲೇಟರ್‌ನಿಂದ ತಲೆ ಎತ್ತದೆಯೇ, "ಮುಕ್ಕಾಲ್ ಕೇಳಿದ್ರಿ, ಮುಕ್ಕಾಲ್ ಕೊಟ್ಟೀವಿ. ಸಾಲ್ಯಾಗ ಹುಡುಗ್ರಿಗೆ ಅಳತಿ ಕಲಸ್ತೀರಿ, ನಿಮಗ ಪೈಪಿನ ಅಳತಿ ಗೊತ್ತಿಲ್ಲೇನ್ರಿ ಮಾಸ್ತರ್?" ಅಂದರು. ಸುತ್ತ ನಿಂತವರು ನಕ್ಕರು. ಫಿಟ್ಟಿಂಗ್ ತೆಗೆದುಕೊಡುವ ಹುಡುಗನೂ ನಕ್ಕ. ಅವನು ನನ್ನ ಹತ್ತಿರವೇ ಏಳನೇ ಕ್ಲಾಸ್ ಓದಿದವನು. ನಕ್ಕವನು ನನ್ನ ಮುಖ ನೋಡಿ ಸಟ್ಟನೆ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದ. ನಕ್ಕಿದ್ದಕ್ಕಿಂತ ಹಾಗೆ ತಿರುಗಿದ್ದೇ ಜಾಸ್ತಿ ಚುಚ್ಚಿತು.

ಆಗ ಒಂದು ಮಾತೂ ಬಾಯಿಗೆ ಬರಲಿಲ್ಲ. ಈಗ ಕೇಳುತ್ತೇನೆ. ಮುಕ್ಕಾಲು ಇಂಚಿನ ಸಿಪಿವಿಸಿ ಹೊರಗಿನಿಂದ ಅಳೆದರೆ 22.2 ಮಿಲಿಮೀಟರ್. ಅದು ತಾಮ್ರದ ಪೈಪಿನ ಲೆಕ್ಕ. ಮುಕ್ಕಾಲು ಇಂಚಿನ ಯುಪಿವಿಸಿ 26.7. ಅದು ಕಬ್ಬಿಣದ ಪೈಪಿನ ಲೆಕ್ಕ. ಹೊಲಕ್ಕೆ ಹಾಕುವ ಪಿವಿಸಿ 25. ಮೂರಕ್ಕೂ ಅಂಗಡಿಯಲ್ಲಿ ಒಂದೇ ಹೆಸರು! ಇದನ್ನೆಲ್ಲ ಗಿರಾಕಿ ಓದಿಕೊಂಡು ಬರಬೇಕಾ, ದಿನವಿಡೀ ಅದನ್ನೇ ಮಾರುವವರು "ಯಾವ ಪೈಪಿಗೆ?" ಅಂತ ಕೇಳಬೇಕಾ? ಯಾರಾದರೂ ಉತ್ತರ ಕೊಡಿ. ಪೈಪ್ ಅಂಗಡಿ ಇಟ್ಟವರು ಓದುತ್ತಿದ್ದರೆ ನೀವೇ ಕೊಡಿ.

ಕೊನೆಗೆ ಸಾವಕಾರರು ಹೇಳಿದ್ದೇನು ಗೊತ್ತಾ? "ಪೈಪಿನ ಬಾಯಿ ಸ್ವಲ್ಪ ಕಾಸ್ರಿ, ಅಗಲ ಆಗ್ತದ, ಕೂಡತದ." ಸೋಲಾರ್ ಬಿಸಿನೀರಿನ ಲೈನ್ ಅದು! ಸಿಪಿವಿಸಿ 93 ಡಿಗ್ರಿವರೆಗೆ ತಡೆಯುತ್ತದೆ ಅಂತಲೇ ಜಾಸ್ತಿ ದುಡ್ಡು ಕೊಟ್ಟು ಹಾಕಿಸಿದ್ದು. ಯುಪಿವಿಸಿ ತಣ್ಣೀರಿಗೆ ಮಾತ್ರ. ಕಾಸಿ ಹಿಗ್ಗಿಸಿದ ಕಡೆ ಪೈಪ್ ತೆಳ್ಳಗಾಗಿ ಮುಂದೆ ಅಲ್ಲೇ ಸೀಳುತ್ತದೆ. ಆಗ ಮಹಡಿ ಗೋಡೆ ಒಡೆಸುವವರು ಯಾರು, ಅವರಾ?

"ಹೋಗಲಿ ಬಿಡ್ರಿ, ಸಣ್ಣ ಮಾತಿಗೆ ಎಷ್ಟು ತಲೆ ಕೆಡಿಸ್ಕೋತೀರಿ" ಅನ್ನುತ್ತಾಳೆ ಮನೆಯವಳು. ಸರಿ, ಬಿಟ್ಟೆ. ಪಕ್ಕಾ ಬಿಲ್ಲೂ ಇಲ್ಲ, ಕೊಟ್ಟಿದ್ದು ಚೀಟಿ. ಅದರಲ್ಲೂ '3/4' ಅಂತಷ್ಟೇ ಗೀಚಿದ್ದಾರೆ. ಇದನ್ನು ಹಿಡ್ಕೊಂಡು ಯಾವ ಗ್ರಾಹಕರ ಆಯೋಗಕ್ಕೆ ಹೋಗಲಿ? ಸುಮ್ನೆ ಇರೋದೇ ವಾಸಿ.

ಇಲ್ಲ, ಸುಮ್ನೆ ಇರೋಕಾಗಲ್ಲ. ತಪ್ಪು ಸಾಮಾನು ಕೊಟ್ಟು, ಹತ್ತು ಜನರ ಮುಂದೆ ನನ್ನ ಕೆಲಸವನ್ನೇ ಎತ್ತಿ ಆಡಿದರಲ್ಲ!

ನಾಳೆ ನಲ್ಲಿ ನೀರು ಬರುತ್ತದೆ, ಲೈನ್ ಬಿಚ್ಚಿಯೇ ಇದೆ. ಗಂಜ್ ಕಡೆಯಾಗಲಿ ಶಹಾಬಜಾರ್ ಕಡೆಯಾಗಲಿ, ಪೈಪ್ ನೋಡಿ ಫಿಟ್ಟಿಂಗ್ ಕೊಡುವ ಅಂಗಡಿ ಗೊತ್ತಿದ್ದರೆ ಹೇಳಿ. ಬೆಳಿಗ್ಗೆ ಬೇಗ ತೆಗೆಯುವಂಥದ್ದು. ಇಲ್ಲದಿದ್ದರೆ ಮತ್ತೆ ಅವರ ಹತ್ತಿರವೇ ಹೋಗಬೇಕು.