ಅಮ್ಮಾ, ಇಲ್ಲೊಂದು ಸೈನ್

ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಅಲ್ಪಸಂಖ್ಯಾತರಿಗೆ ಜಾಗವಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರ ಹೆಸರಿರುವ ಬೋರ್ಡ್ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ ಲೆಕ್ಕ ಚಾಚೂ ತಪ್ಪಿಲ್ಲ. ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು, ಹಿಂದುಳಿದ ಮನೆಗಳವರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು. ಪೇಂಟರ್ ಕೆಲಸ ಅಚ್ಚುಕಟ್ಟು.

ಅಧ್ಯಕ್ಷರು ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಮುಸ್ಲಿಂ ತಾಯಿ ಅಂದುಕೊಳ್ಳಿ. ಖುಷಿಯ ವಿಷಯ ಅಲ್ವಾ? ಮೀಟಿಂಗ್ ಮಾತ್ರ ಕೆಲಸದ ದಿನ, ಬೆಳಗ್ಗೆ ಹನ್ನೊಂದಕ್ಕೆ. ಬಂದರೆ ಸಂಬಳ ಕಟ್. ಬರದಿದ್ದರೆ ‘ಆಸಕ್ತಿ ಇಲ್ಲ’. ಹಾಗಂತ ಯಾರೂ ಕೈಬಿಡುವುದಿಲ್ಲ, ಸಂಜೆ ರಿಜಿಸ್ಟರೇ ಅವರ ಮನೆ ಬಾಗಿಲಿಗೆ ಬರುತ್ತದೆ. ಸಹಿಯ ಜಾಗದಲ್ಲಿ ಪೆನ್ಸಿಲ್‌ನಿಂದ ಪುಟ್ಟ ಇಂಟು ಮಾರ್ಕ್.

“ಅಮ್ಮಾ, ಇಲ್ಲೊಂದು ಸೈನ್. ಇಲ್ಲೂ. ಚೆಕ್‌ಗೂ ಹಾಕ್ಬಿಡಿ, ಅಮೌಂಟ್ ಆಮೇಲೆ ಬರ್ಕೋತೀವಿ.”

“ಏನಕ್ಕೆ ಸಾರ್?”

“ಮಕ್ಕಳ ಶೂಗೆ.”

ಮಗಳ ಕಾಲಿನ ಅಳತೆ ಗೊತ್ತಿರುವುದು ಆ ತಾಯಿಗೆ. ಕೇಳಿದ್ದು ಸಹಿ. ಶೂ ಬಂತು, ಎರಡು ಬೆರಳು ದೊಡ್ಡದು. ಮುಂದಿನ ವರ್ಷಕ್ಕೂ ಆಗುತ್ತದೆ ಬಿಡಿ.

ಪಾಪ, ಅಮೆರಿಕದವರಿಗೆ ಈ ವಿದ್ಯೆ ಬರುವುದಿಲ್ಲ. ಬಾರ್ಟನೆನ್, ಗ್ರಿಸಮ್ ಎಂಬ ಇಬ್ಬರು ಸಂಶೋಧಕರು ಮಿಸೌರಿ, ಟೆನೆಸ್ಸಿ ರಾಜ್ಯಗಳ ಶಾಲೆಗಳ ಲೆಕ್ಕ ಹಿಡಿದು ಕೂತರು. ಕಪ್ಪು ಜನಾಂಗದ ಪ್ರಿನ್ಸಿಪಾಲ್ ಬಂದ ಕಡೆ ಅದೇ ಜನಾಂಗದ ಟೀಚರ್‌ಗಳು ಜಾಸ್ತಿಯಾದರು, ಆ ಮಕ್ಕಳ ಗಣಿತವೂ ಸುಧಾರಿಸಿತು ಎಂದು ಕಂಡುಕೊಂಡರು. ಯಡವಟ್ಟು ಎಲ್ಲಾಯ್ತು ನೋಡಿ. ಕುರ್ಚಿ ಕೊಟ್ಟವರು, ಯಾವ ಟೀಚರ್ ಬೇಕು ಅನ್ನುವ ಮಾತನ್ನೂ ಅವರಿಗೇ ಬಿಟ್ಟಿದ್ದರು! ನಮ್ಮಲ್ಲಿ ಆ ಭಯವಿಲ್ಲ. ಟೀಚರ್ ಬರುವುದು ಹೋಗುವುದು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ. ಎಷ್ಟೋ ಕಡೆ ಹೆಡ್‌ಮಾಸ್ಟರೇ ಇನ್‌ಚಾರ್ಜ್, ಇನ್ನು ಅಧ್ಯಕ್ಷರನ್ನು ಕೇಳುವವರು ಯಾರು? ಆಗಸ್ಟ್ 15ಕ್ಕೆ ಶಾಲು, ಹಾರ, ಫೋಟೋ ಇದೆಯಲ್ಲ. ಫೋಟೋದಲ್ಲಿ ಅವರೇ ನಡುವೆ.

ವರ್ಷದ ಕೊನೆಗೆ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರು. ಶೌಚಾಲಯದಲ್ಲಿ ನೀರಿಲ್ಲ, ದೊಡ್ಡ ಹುಡುಗಿಯರು ಮಧ್ಯಾಹ್ನವೇ ಮನೆಗೆ ಬರುತ್ತಾರೆ, ಗಣಿತದ ಟೀಚರ್ ಇನ್ನೊಂದು ಶಾಲೆಯನ್ನೂ ನೋಡಿಕೊಳ್ಳಬೇಕು. ಇದೆಲ್ಲ ಆ ತಾಯಿಯ ನಾಲಿಗೆ ತುದಿಯಲ್ಲೇ ಇದೆ. ವರದಿ ಮಾತ್ರ ಆಗಲೇ ರೆಡಿ. ಕಾರಣದ ಕಾಲಂನಲ್ಲಿ ‘ಪೋಷಕರ ಸಹಭಾಗಿತ್ವದ ಕೊರತೆ’. ಅದರ ಕೆಳಗೆ ಇಂಟು ಮಾರ್ಕ್.

“ಇದೇನು ಬರೆದಿದೆ ಸಾರ್?”

“ಏನಿಲ್ಲ ಅಮ್ಮಾ, ಸುಮ್ನೆ ಫಾರ್ಮಾಲಿಟಿ.”