"ನೀನೇ ಮಾಡ್ಕೋ, ಅರ್ಧ ದುಡ್ಡಲ್ಲಿ ಆಗುತ್ತೆ" ಅಂದವ್ರು ಬನ್ರಪ್ಪ ಇಲ್ಲಿ

ಒಂದು ಪುಸ್ತಕದ ರ‍್ಯಾಕ್. ಅಷ್ಟೇ ನಂಗೆ ಬೇಕಾಗಿದ್ದು. 6 ಅಡಿ ಎತ್ತರ, 3 ಅಡಿ ಅಗಲ, 1 ಅಡಿ ಆಳ, ಬಾಗಿಲಿಲ್ಲ ಡ್ರಾಯರ್ ಇಲ್ಲ ಏನೂ ಇಲ್ಲ. ರೆಡಿಮೇಡ್ ಆದ್ರೆ 6,500ಕ್ಕೆ ಮನೆಗೇ ತಂದು ಜೋಡಿಸಿ ಹೋಗ್ತಿದ್ರು. ಆದ್ರೆ ನಮ್ ಆಫೀಸಲ್ಲಿ ಒಬ್ಬ ಮಹಾನುಭಾವ ಇದಾನಲ್ಲ, "ಅದೆಲ್ಲ ಪಾರ್ಟಿಕಲ್ ಬೋರ್ಡು ಗುರೂ, ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿರೋದು, ಪ್ಲೈವುಡ್ ತಂದು ನೀನೇ ಮಾಡ್ಕೋ" ಅಂದ. ನಂಗೂ ಹೌದಲ್ವಾ ಅನ್ನಿಸ್ತು, ಯಾಕಂದ್ರೆ ಹಳೇ ಟಿವಿ ಸ್ಟ್ಯಾಂಡು ನೆಲ ಒರೆಸೋ ನೀರು ತಾಗಿ ತಾಗಿ ಬುಡದಲ್ಲಿ ಪೂರಿ ಥರ ಉಬ್ಬಿ ಸತ್ತೋಗಿತ್ತು.

ಮೈಸೂರು ರೋಡ್ ಟಿಂಬರ್ ಯಾರ್ಡ್ ಕಡೆ ಹೋದೆ. ಅಂಗಡಿಯವನು ಮೊದ್ಲು 710 ಅನ್ನೋ ನೀರು ತಡೆಯೋ ದರ್ಜೆ ಪ್ಲೈ ತೋರಿಸ್ದ, ಕುದಿಯೋ ನೀರಿಗೂ ಏನೂ ಆಗಲ್ಲ ಸಾರ್ ಅಂತ. ನಾನೇನು ಪುಸ್ತಕ ಬೇಯಿಸ್ತೀನಾ? ಮಾಮೂಲಿ ದರ್ಜೆ 303 ಸಾಕು ಅಂದೆ, ಚದರಡಿಗೆ 75. ಶೀಟು 8×4, ಅಂದ್ರೆ 32 ಚದರಡಿ. ನನ್ ಲೆಕ್ಕ ಹಿಂಗಿತ್ತು: ಸೈಡಿಗೆ ಎರಡು ಹಲಗೆ 12, ಮೇಲೆ ಕೆಳಗೆ ನಡುವೆ ಸೇರಿ ಆರು ಹಲಗೆ 18, ಒಟ್ಟು 30, ಇನ್ನೂ ಎರಡು ಚದರಡಿ ಮಿಗುತ್ತೆ. ಕತ್ತೆ ನಾನು.

ಶೀಟನ್ನ ಉದ್ದಕ್ಕೆ ಸೀಳಿದ್ರೆ ಒಂದಡಿ ಅಗಲದ ನಾಲ್ಕು ಪಟ್ಟಿ ಬರುತ್ತೆ, ಒಂದೊಂದೂ 8 ಅಡಿ (ಗರಗಸ ತಿನ್ನೋದು ಬೇರೆ). ಎರಡು ಪಟ್ಟಿಲಿ 6 ಅಡಿ ಸೈಡು ಹೋಯ್ತು, ಮಿಕ್ಕಿದ್ದು ಎರಡೆರಡಡಿ ತುಂಡು, ನಂಗೆ ಬೇಕಿರೋದು ಮೂರಡಿ. ಉಳಿದ ಎರಡು ಪಟ್ಟಿಲಿ ನಾಲ್ಕು ಹಲಗೆ. ಆರಕ್ಕೆ ಎರಡು ಕಮ್ಮಿ!! ಕಟ್ ಪೀಸ್ ಕೊಡಿ ಅಂದ್ರೆ ಇಲ್ಲ, ಅರ್ಧ ಶೀಟ್ ಕೊಡಿ ಅಂದ್ರೆ ನನ್ನ ಮುಖ ನೋಡಿ ನಕ್ಕ. ಎರಡು ಹಲಗೆಗೋಸ್ಕರ ಇನ್ನೊಂದು ಇಡೀ ಶೀಟು. ಪ್ಲೈ ಮೇಲೆ ಅಂಟಿಸೋ ಮೈಕಾ ಹಾಳೆದೂ ಅದೇ ಕತೆ, ಒಂದು ಬದಿಗೆ ಹಾಕೋಕೆ ಎರಡು ಶೀಟ್. ಸ್ಕ್ರೂ ಇಪ್ಪತ್ತು ಸಾಕು ಅಂದ್ರೆ ಡಬ್ಬಿನೇ ತಗೋಬೇಕಂತೆ.

ಖರ್ಚು ಕೇಳಿ. ಪ್ಲೈ ಎರಡು ಶೀಟ್ 4,800, ಅದಕ್ಕೆ 18% ಜಿಎಸ್‌ಟಿ 864, ಹಿಂದ್ಗಡೆಗೆ 6 ಎಂಎಂ ಶೀಟ್ 1,100, ಮೈಕಾ 1,800, ಫೆವಿಕಾಲ್ 600, ಸ್ಕ್ರೂ, ಅಂಚಿನ ಪಟ್ಟಿ, ಅದು ಇದು 400, ಕಟಿಂಗ್ 300, ಟೆಂಪೋ 500, ಮನೇಲಿ ಡ್ರಿಲ್ ಮಷಿನ್ ಇರ್ಲಿಲ್ಲ ಅದಕ್ಕೆ 2,800, ಮೂರು ಭಾನುವಾರ ಒದ್ದಾಡಿ ರ‍್ಯಾಕ್ ಎಡಕ್ಕೆ ವಾಲ್ಕೊಂಡು ನಿಂತಾಗ ಕರೆಸಿದ ಬಡಗಿಗೆ ದಿನದ ಕೂಲಿ 1,200. ಒಟ್ಟು 14,364 ರೂಪಾಯಿ. ಕೆಳಗಿನ ಮನೆ ಆಂಟಿ "ಭಾನುವಾರನಾದ್ರೂ ಮಲಗೋಕೆ ಬಿಡ್ರಪ್ಪ" ಅಂತ ಬೈದಿದ್ದು ಫ್ರೀ.

ಹೌದು, ಡ್ರಿಲ್ಲು ಮುಂದಕ್ಕೂ ಬರುತ್ತೆ, ಪ್ಲೈ ಪಾರ್ಟಿಕಲ್ ಬೋರ್ಡಿಗಿಂತ ಗಟ್ಟಿ, ಗೊತ್ತು. ಆದ್ರೆ ಅದನ್ನ ಗಟ್ಟಿ ಅಂತ ಹೇಳಿ, ಅಗ್ಗ ಅಂತ ಯಾಕ್ರೀ ಹೇಳ್ತೀರಾ? ಫ್ಯಾಕ್ಟರಿಯವ್ರು ಬೋರ್ಡನ್ನ ಲೋಡ್‌ಗಟ್ಲೆ ತಂದು ಒಂದು ಸೈಜಿನ ತುಂಡನ್ನ ಇನ್ನೊಂದು ಸಾಮಾನಿಗೆ ಹೊಂದಿಸಿ ಕಟ್ ಮಾಡ್ತಾರೆ, ನನ್ ಹತ್ರ ಮಿಕ್ಕಿದ್ದನ್ನ ನಾನೆಲ್ಲಿ ಹೊಂದಿಸ್ಲಿ? ಗೋಡೆಯಿಂದ ಗೋಡೆಗೆ ವಾರ್ಡ್ರೋಬು, ಅಡುಗೆಮನೆ ಮೂಲೆ, ಇಂಥ ಅಳತೆ ರೆಡಿಮೇಡಲ್ಲಿ ಸಿಗ್ದೇ ಇರೋದಕ್ಕಾದ್ರೆ ಮಾಡಿಸ್ಲಿ, ಒಪ್ತೀನಿ. ನೆಟ್ಟಗಿರೋ ಒಂದು ರ‍್ಯಾಕಿಗೆ ಈ ಕರ್ಮ ಬೇಡ.

ಅದಕ್ಕಿಂತ ಹೊಟ್ಟೆ ಉರಿದಿದ್ದು ಬಡಗಿ ಹೋಗೋವಾಗ ಹೇಳಿದ ಮಾತಿಗೆ. "ಅಗಲ ಎರಡಡಿ ಇಟ್ಟಿದ್ರೆ ಒಂದೇ ಶೀಟಲ್ಲಿ ಆಗೋಗ್ತಿತ್ತಲ್ಲ ಸಾರ್, ಆರಲ್ಲ, ಹತ್ತು ಹಲಗೆ ಬರ್ತಿತ್ತು." ಕೂತು ಲೆಕ್ಕ ಹಾಕಿದೆ. ಬರ್ತಿತ್ತು.

ಈಗ ಬಾಗಿಲ ಹಿಂದೆ 26 ಚದರಡಿ ಪ್ಲೈ ನಿಂತಿದೆ, ಜೊತೆಗೆ ನಾಲ್ಕು ಎರಡಡಿ ತುಂಡು. ಅಮ್ಮ ನಿನ್ನೆ ಅದನ್ನೇ ನೋಡ್ತಾ "ಇದ್ರಲ್ಲೊಂದು ಚಪ್ಪಲಿ ಸ್ಟ್ಯಾಂಡ್ ಆಗಲ್ವೇನೋ" ಅಂದ್ರು. ಆಗಲ್ಲಮ್ಮ.